ಮುಸಾಫಿರಖಾನೆಯ ಹಿಂಬಾಗಿಲು

ಸೂರಿನ ಕೆಳಗೆ ಮಲಗಿದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೀಗಾಗಿ ಮಾನ್ವಿಯ ತಮ್ಮ ಮನೆಯ ಮಾಳಿಗೆಯ ಮೇಲೆ, ಬಯಲಲ್ಲಿ, ಹಾಸಿಕೊಂಡು ಮಲಗಿದಲ್ಲಿಯೇ ಅವರ ಉಸಿರು ನಿಂತಿತು ಎಂದು ಈ ಬೇಸಿಗೆಯಲ್ಲಿ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಒಂದು ನಮೂನೆಯ ಸಮಾಧಾನ. ತಲೆಯ ಮೇಲೆ ಏನೂ ಇರಲಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡೆ. ದುಃಖ ಆಮೇಲೆ ಬಂತು, ಮಾನ್ವಿಯ ಬಸ್ಸು ಊರು ದಾಟಿ ಬಯಲಿಗೆ ಬಿದ್ದ ಮೇಲೆ.

ಅವರು ರಾಯಚೂರಿನಲ್ಲಿ ಸರಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ನಮ್ಮ ಕಚೇರಿಯ ಇಂಜಿನಿಯರ್ ಆಗಿದ್ದರು. ನಾನು ಅದೇ ಕಚೇರಿಯಲ್ಲಿ ನಕ್ಷೆ ಬರೆಯುವವನು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ, ಅದಕ್ಕೆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬೆನ್ನ ಹಿಂದೆ ಮಾತ್ರ ‘ಮ್ಯಾಲ ನೋಡೋ ಮೇಡಂ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಕಚೇರಿಗೆ ಅವರು ಕಾಲಿಟ್ಟ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಹೊಸ ಅಧಿಕಾರಿ ಬಂದರೆಂದು ನಾವೆಲ್ಲ ಎದ್ದು ನಿಂತಿದ್ದೆವು. ಅವರು ನಮ್ಮ ಮುಖ ನೋಡಲೇ ಇಲ್ಲ. ಕತ್ತೆತ್ತಿ ತೊಲೆ ನೋಡಿದರು, ಫ್ಯಾನಿನ ಕೊಂಡಿ ನೋಡಿದರು, ಮೂಲೆಯಲ್ಲಿ ಸುಣ್ಣ ಹಪ್ಪಳೆದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಟೇಬಲ್ಲನ್ನು ತಾವೇ ಎಳೆದುಕೊಂಡು ಹೋಗಿ ಬಾಗಿಲ ಪಕ್ಕ ಇಟ್ಟರು. ಜವಾನ ಹೇಳಿದ: “ಅಲ್ಲಿ ಬಿಸಲು ಬಡೀತದ್ರಿ ಮೇಡಂ.”

“ಬಡೀಲಿ ಬಿಡಪ್ಪಾ. ಬಿಸಲು ಮೈಮ್ಯಾಲ ಬಿದ್ರ ಯಾರೂ ಸಾಯಂಗಿಲ್ಲ.”

ರಾಯಚೂರಿನ ಬಿಸಿಲು ಕಂಡವರು ಆಡುವ ಮಾತಲ್ಲ ಅದು. ಆದರೆ ಅವರು ದೇವದುರ್ಗದ ಕಡೆಯವರು, ಆ ಬಿಸಿಲಲ್ಲೇ ಬೆಂದು ಬೆಳೆದವರು. ಅವರ ಲೆಕ್ಕದಲ್ಲಿ ಬಿಸಿಲು ಮನೆಯವನಿದ್ದ ಹಾಗೆ, ಬೈದರೂ ಕೊಲ್ಲುವವನಲ್ಲ. ತೊಲೆ ಹಾಗಲ್ಲ.

ಅವರ ಜೊತೆ ಎಲ್ಲಿಗೆ ಹೋದರೂ ಒಂದಲ್ಲ ಒಂದು ಫಜೀತಿ. ವಗ್ಗರಣಿ ಮಿರ್ಚಿ ತಿನ್ನಲು ಹೋಟೆಲಿಗೆ ಕರೆದರೆ ಒಳಗೆ ಬರುತ್ತಿರಲಿಲ್ಲ, ರಸ್ತೆಯಲ್ಲಿ ಸ್ಕೂಟರಿನ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದರು. ಚೀಕಲಪರ್ವಿಯಲ್ಲಿ ನಮ್ಮ ಕಚೇರಿಯವರೊಬ್ಬರ ಮಗಳ ಮದುವೆ ಇತ್ತು. ಹೊಳೆಯ ದಂಡೆಯ ಊರು, ಸೊಗಸಾದ ಕಲ್ಲಿನ ಮಂಟಪ. ಮೇಡಂ ಮಂಟಪದ ಕಂಬವನ್ನು ಬೆರಳ ಗೆಣ್ಣಿನಿಂದ ಎರಡು ಸಲ ಟಕಟಕ ಬಡಿದು, ಕಿವಿ ಇಟ್ಟು ಕೇಳಿ, ಮುಖ ಸಣ್ಣ ಮಾಡಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತರು. ಅಕ್ಷತೆಯನ್ನು ಅಲ್ಲಿಂದಲೇ ಎಸೆದರು. ಅದು ನನ್ನ ಅಂಗಿಯ ಕೊರಳೊಳಗೆ ಬಿತ್ತು. ಬೀಗರು ಸಿಟ್ಟಾಗಿ, “ಯಾಕ್ರಿ, ನಮ್ಮ ಮಂಟಪ ಬೀಳ್ತದೇನು?” ಎಂದು ಕೇಳಿದರೆ, “ಬೀಳಂಗಿಲ್ಲ ಅಂತ ನನಗ ಗೊತ್ತದ್ರಿ. ಆದ್ರ ಅದಕ್ಕ ಗೊತ್ತದೇನು?” ಎಂದರು.

ಇಷ್ಟು ಅಂಜುವವರು ಈ ಕೆಲಸಕ್ಕೆ ಯಾಕೆ ಬಂದರು ಎಂದು ನಾವು ನಮ್ಮ ನಮ್ಮಲ್ಲೇ ಒಂದು ಕಥೆ ಕಟ್ಟಿಕೊಂಡಿದ್ದೆವು. ಚಿಕ್ಕಂದಿನಲ್ಲಿ ಮನೆಯ ಮಣ್ಣಿನ ಮಾಳಿಗೆ ಕುಸಿದು ಯಾರೋ ತೀರಿಕೊಂಡಿರಬೇಕು, ಅದಕ್ಕೇ ಹೀಗೆ ಎಂದು. ನಮ್ಮ ಕಡೆ ಆಗದ ಮಾತೇನಲ್ಲ. ಒಮ್ಮೆ ದೇವದುರ್ಗದಿಂದ ಜೀಪಿನಲ್ಲಿ ವಾಪಸು ಬರುವಾಗ ನಾನು ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. ಅವರು ನಕ್ಕರು.

“ಯಾರೂ ಸತ್ತಿಲ್ರಿ. ನಮ್ಮ ಓಣ್ಯಾಗ ಮಳಿ ಬಂದಾಗ ಎಲ್ಲಾರ ಮನಿ ಒಂದೊಂದು ಸಲ ಬಿದ್ದಾವ, ನಮ್ಮದು ಬಿದ್ದಿಲ್ಲ. ಯಾಕಂದ್ರ ನಮ್ಮವ್ವ ದಿನಾ ನೋಡ್ತಿದ್ಲು. ಕೂಲಿಗೆ ಹೋಗೂ ಮುಂದ ಒಮ್ಮೆ, ಬಂದ ಮ್ಯಾಲ ಒಮ್ಮೆ. ಎಲ್ಲಿ ಮಣ್ಣು ಉದರತದ, ಎಲ್ಲಿ ಇರಬಿ ಸಾಲು ಹಿಡದದ, ಎಲ್ಲಾ ಕಣ್ಣಾಗ ಇಟ್ಕೊಂಡಿದ್ಲು. ನೋಡಾಕತ್ತಿದ್ರ ಗ್ವಾಡಿ ನಿಂದರತದ್ರಿ. ನೋಡೋದು ಬಿಟ್ರ ಅದೂ ಬ್ಯಾಸರಾಗಿ ಬೀಳತದ.”

ನಾನು ಆ ಮಾತನ್ನು ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಅಂಜಿಕೆ ಎಂದರೆ ಓಡಿಹೋಗುವುದಲ್ಲ, ಕಣ್ಣು ತೆಗೆಯದೆ ನೋಡುತ್ತ ಇರುವುದು. ಇದು ನನಗೆ ಅರ್ಥವಾಗಲು ಮುಸಾಫಿರಖಾನೆಯ ಕೆಲಸ ಬರಬೇಕಾಯಿತು.

ಮುಸಾಫಿರಖಾನೆ ಎಂದರೆ ತೀನ್ ಕಂದೀಲ್ ವೃತ್ತದ ಕಡೆಯ ಬಜಾರಿನ ಬೆನ್ನಿಗಿದ್ದ ನಿಜಾಮರ ಕಾಲದ ಕಟ್ಟಡ. ಎತ್ತಿನ ಗಾಡಿಯ ದಿನಗಳಲ್ಲಿ ಪರಊರಿನವರು ಇಳಿದುಕೊಳ್ಳುತ್ತಿದ್ದ ಜಾಗ. ಕಲ್ಲು ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು, ಕಮಾನಿನ ಬಾಗಿಲುಗಳು, ನಡುವೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ. ಆಮೇಲೆ ಕೆಲವು ದಿನ ಧಾನ್ಯದ ಗೋದಾಮಾಗಿತ್ತು, ಕೆಲವು ದಿನ ಮುರಿದ ಕುರ್ಚಿಗಳ ಗೋದಾಮಾಗಿತ್ತು, ಆಮೇಲೆ ಬೀಗ ಬಿತ್ತು. ನನಗೆ ಬುದ್ಧಿ ಬಂದಾಗಿನಿಂದ ಆ ಬೀಗವನ್ನೇ ನೋಡಿದ್ದೇನೆ. ಒಳಗೆ ಪಾರಿವಾಳಗಳಿದ್ದವು, ಹೊರಗೆ ಗೋಡೆಗೆ ಒರಗಿಕೊಂಡು ಬಳೆ ಮಾರುವವರಿದ್ದರು.

ಅದನ್ನು ದುರಸ್ತಿ ಮಾಡಿ, ದೊಡ್ಡ ಆಸ್ಪತ್ರೆಗೆ ರೋಗಿಗಳ ಜೊತೆ ಬರುವ ಹೆಂಗಸರಿಗೆ ಇಳಿದುಕೊಳ್ಳಲು ಕೊಡಬೇಕು ಎಂಬ ವಿಚಾರ ಮೇಡಂ ಅವರದೇ. ದೇವದುರ್ಗ, ಮಾನ್ವಿ, ಮಲ್ಲಟ, ಕುರ್ಡಿ, ಎಲ್ಲ ಕಡೆಯಿಂದಲೂ ಹೆಂಗಸರು ಬರುತ್ತಾರೆ. ಮಗಳ ಹೆರಿಗೆ, ಗಂಡನ ಕಾಲು, ಮೊಮ್ಮಗನ ಜ್ವರ. ಹಾಸಿಗೆಯ ಪಕ್ಕ ಇರಲು ಬಿಡುವುದಿಲ್ಲ, ಊರಿಗೆ ಹೋಗಲು ಮನಸ್ಸು ಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಮೇಲೆ ತಲೆ ಇಟ್ಟು ಮಲಗುತ್ತಾರೆ. ಇದನ್ನು ಊರಿನವರೆಲ್ಲ ನೋಡಿದ್ದೆವು. ಮೇಡಂ ನೋಡುತ್ತಲೇ ಇದ್ದರು, ಅಷ್ಟೇ ವ್ಯತ್ಯಾಸ.

ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ಕೆಲಸ ಹಿಡಿದವನು ನರಸಪ್ಪ ಎಂಬ ಮೇಸ್ತ್ರಿ, ಗದ್ವಾಲದ ಕಡೆಯವನು, ತೆಲುಗು ಬೆರೆಸಿ ಕನ್ನಡ ಮಾತಾಡುವವನು. ಕಾವಲಿಗೆ ಮಲ್ಲಟದ ಹುಲಿಗೆಮ್ಮ ಎಂಬ ಹೆಂಗಸನ್ನು ಇಟ್ಟರು. ಅಂಗಳದ ಮೂಲೆಯ ಕೋಣೆಯಲ್ಲೇ ಅವಳ ಸಂಸಾರ. ಬಾಯಿ ಜೋರು, ಕಸಬರಿಗೆ ಅದಕ್ಕಿಂತ ಜೋರು.

ಆಗ ಆದದ್ದು ಆ ಫೋನಿನ ಪ್ರಸಂಗ. ಮೇಡಂ ಬೇರೊಂದು ಕೆಲಸದ ಮೇಲೆ ಮಾನ್ವಿಯಲ್ಲಿದ್ದರು, ನಾನೂ ಜೊತೆಗಿದ್ದೆ. ಮುಂಜಾನೆ ನರಸಪ್ಪನಿಗೆ ಫೋನ್ ಮಾಡಿದರು: “ನರಸಪ್ಪಾ, ಒಳಗ ಮುಗ್ಗಲ ವಾಸನಿ ಹಿಡದದ. ಆ ಹಿಂದಿನ ಬಾಗ್ಲಾ ತೆಗಸ್ರಿ, ಗಾಳಿ ಆಡ್ಲಿ.” ಸಂಜೆ ನೆನಪಿಟ್ಟು ಮತ್ತೆ ಕೇಳಿದರು.

“ಬಾಗ್ಲಾ ತೆಗದ್ರೇನು?”

“ತೆಗದ್ವಿ ಮೇಡಮ್ಮಾ.”

“ಗಾಳಿ ಬರಾಕತ್ತದ?”

“ಭಾಳ ಬರಾಕತ್ತದ್ರಿ.”

“ತೆಗೀಲಿಕ್ಕೆ ತ್ರಾಸಾತೇನು?”

“ಆತ್ರಿ. ಗಟ್ಟಿ ಕುಂತಿತ್ತು. ಮಂದಿ ಹಚ್ಚಿ ತೆಗಸೀನಿ.”

ಹಳೆಯ ಅಗಳಿ ತುಕ್ಕು ಹಿಡಿದಿರಬೇಕು, ಪಾಪ ಎಂದು ಮೇಡಂ ನನಗೆ ಹೇಳಿದರು. ಮಾರನೆಯ ದಿನ ರಾಯಚೂರಿಗೆ ಬಂದು ನೋಡಿದರೆ, ಹಿಂದಿನ ಬಾಗಿಲು ಚೌಕಟ್ಟಿನ ಸಮೇತ ಅಂಗಳದ ಬೇವಿನ ಮರಕ್ಕೆ ಒರಗಿಕೊಂಡು ನಿಂತಿತ್ತು. ಒಂದು ಕೆತ್ತನೆಯೂ ಮುಕ್ಕಾಗಿರಲಿಲ್ಲ. ನರಸಪ್ಪ ಅದನ್ನು ತೊಳೆಸಿ ಸಹ ಇಟ್ಟಿದ್ದ, ಹೊಗಳಿಕೆಗೆ ಕಾಯುತ್ತಿದ್ದ. ಗೋಡೆಯಲ್ಲಿ ಬಾಗಿಲಿದ್ದ ಕಡೆ ದೊಡ್ಡ ಬಾಯಿ ತೆರೆದಿತ್ತು. ನಿಜ, ಗಾಳಿ ಭಾಳ ಬರುತ್ತಿತ್ತು.

ನಮ್ಮ ಭಾಷೆಯ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ, ಅವತ್ತು ಬಂತು. ತೆಗಿ ಎಂದರೆ ತೆರೆ ಎಂದೂ ಹೌದು, ಕಿತ್ತು ಹಾಕು ಎಂದೂ ಹೌದು. ದಿನಕ್ಕೆ ಹತ್ತಾರು ಸಲ ಆಡುತ್ತೇವೆ, ಯಾರಿಗೂ ಏನೂ ಆಗುವುದಿಲ್ಲ. ಒಡೆಯುವುದು, ಕೀಳುವುದು, ಕಟ್ಟುವುದೇ ಕೆಲಸವಾದ ಅಂಗಳದಲ್ಲಿ ಮಾತ್ರ ಅದೇ ಮಾತು ಬೇರೆ ಕಡೆಗೆ ಹೊರಳಿತು. ತೆಲುಗಿನಲ್ಲೂ ಹೀಗೇ ಇದೆಯಂತೆ, ಹೀಗಾಗಿ ನರಸಪ್ಪನಿಗೆ ಎರಡು ಭಾಷೆಯೂ ಕೂಡಿ ಮೋಸ ಮಾಡಿದವು.

ಬಾಗಿಲು ಹೋದದ್ದು ದೊಡ್ಡದಲ್ಲ. ಅದರ ಮೇಲಿನ ಕಮಾನು ಎಷ್ಟೋ ವರ್ಷಗಳಿಂದ ನಡುವಿಗೆ ಇಳಿದು ಆ ಚೌಕಟ್ಟಿನ ತಲೆಯ ಮೇಲೆ ಭಾರ ಬಿಟ್ಟು ಕೂತಿತ್ತು. ಚೌಕಟ್ಟು ಹೋದದ್ದೇ ಕಮಾನಿನಿಂದ ಮೇಲಕ್ಕೆ, ಗೋಡೆಯುದ್ದಕ್ಕೂ, ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಮೇಡಂ ಅದನ್ನು ನೋಡುತ್ತ ನಿಂತರು. ನರಸಪ್ಪನ ದನಿ ಸಣ್ಣದಾಯಿತು.

“ನೀವ ಅಂದ್ರಲ್ರಿ ಮೇಡಮ್ಮಾ, ತೆಗೀರಿ ಅಂತ.”

“ಅಂದೀನಿ,” ಎಂದರು ಅವರು. “ನಾನ ಅಂದೀನಿ. ನಿಂದೇನೂ ತಪ್ಪಿಲ್ಲ. ಮೊದಲ ಕಂಬ ಕೊಡು.”

ಮರದ ಕಂಬಗಳ ಆಸರೆ ಕೊಟ್ಟಾಯಿತು. ಅದಾದ ಮೇಲೆ ಅವರು ಹೊರಡಿಸಿದ ಕಾನೂನು ನಮ್ಮ ಕಚೇರಿಯಲ್ಲಿ ಇಂದಿಗೂ ನಗೆಯ ಮಾತು. ಈ ಅಂಗಳದಲ್ಲಿ ಇನ್ನು ಮುಂದೆ ಯಾರೂ ಬಾಗಿಲಿಗೆ ‘ತೆಗಿ’ ಎನ್ನಬಾರದು, ‘ತೆರಿ’ ಎನ್ನಬೇಕು. ‘ಹಾಕು’ ಸಹ ಬೇಡ, ಬಾಗಿಲು ಹಾಕು ಎಂದರೆ ಮುಚ್ಚುವುದೋ ಹೊಸದಾಗಿ ಕೂಡಿಸುವುದೋ ಯಾರಿಗೆ ಗೊತ್ತು? ಕೂಲಿಯವರಿಗೆ ಇದು ಶಾಲೆಯ ಪಾಠದ ಕನ್ನಡ. ಊಟದ ಹೊತ್ತಿಗೆ ಬೇಕೆಂದೇ ಕೇಳುತ್ತಿದ್ದರು: “ಮೇಡಂ, ಬುತ್ತಿ ಡಬ್ಬಿ ತೆಗೀಲೇನ್ರಿ, ತೆರೀಲೇನ್ರಿ?” ಅವರು ನಗದೆ ಉತ್ತರ ಕೊಡುತ್ತಿದ್ದರು: “ಚೀಲದಾಗಿಂದ ತೆಗೀರಿ. ಮುಚ್ಚಳ ತೆರೀರಿ.”

ಹುಲಿಗೆಮ್ಮನ ನಾಲಿಗೆ ಮಾತ್ರ ಹೊರಳುತ್ತಿರಲಿಲ್ಲ. “ಹುಟ್ಟಿದಾಗಿಂದ ತೆಗಿ ಅಂತೀನಿ, ಈಗ ತೆರಿ ಅಂದ್ರ ಬಾಗ್ಲಕ್ಕ ತಿಳೀತದೇನ್ರಿ?” ಎಂದು ಎದುರು ವಾದಿಸುತ್ತಿದ್ದಳು.

ಬಿರುಕಿನ ಸುದ್ದಿ ಮೇಲಧಿಕಾರಿಗೆ ಹೋಯಿತು. ಅವರು ಬಂದು ದೂರದಲ್ಲೇ ನಿಂತು ನೋಡಿದರು. ತೆಂಕಣ ಸೀಮೆಯವರು, ಮಾತು ಮೃದು. “ಇದನ್ನು ಇಳಿಸಿಬಿಡೋಣ. ಈ ಜಾಗದಲ್ಲಿ ಅಂಗಡಿ ಸಾಲು ಬರಲಿ. ಬಜಾರಿನವರೂ ಅದನ್ನೇ ಕೇಳ್ತಿದ್ದಾರೆ,” ಎಂದರು. ಮೇಡಂ ಒಪ್ಪಲಿಲ್ಲ. ಕೊನೆಗೆ ಮೇಲಧಿಕಾರಿ ಒಂದು ಮಾತಿಗೆ ಬಂದರು: “ಮಳೆಗಾಲ ಮುಗಿಯೋವರೆಗೆ ನೋಡೋಣ. ಬಿರುಕು ಅಲುಗದಿದ್ದರೆ, ಮತ್ತು ಇದರ ಕೆಳಗೆ ಜನ ಮಲಗಬಹುದು ಅಂತ ನೀವೇ ಬರೆದು ಸಹಿ ಮಾಡಿಕೊಟ್ಟರೆ, ಉಳಿಸೋಣ. ಅಲುಗಿತೋ, ಕೆಡವೋಣ.”

ಬಿರುಕು ಅಲುಗುತ್ತದೋ ಇಲ್ಲವೋ ತಿಳಿಯಲು ಒಂದು ಹಳೆಯ ಉಪಾಯವಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಾರೆ ಹಚ್ಚಿಬಿಡುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಮೇಡಂ ಮೇಲೊಂದು ಕೆಳಗೊಂದು ಗಾಜು ಕೂಡಿಸಿದರು. ಅಂದಿನಿಂದ ಅವರ ದಿನ ಶುರುವಾಗುವುದು ಆ ಗಾಜಿನಿಂದ. ನನ್ನ ಮನೆ ಅದೇ ದಾರಿಯಲ್ಲಿ, ಹೀಗಾಗಿ ನನ್ನ ದಿನವೂ ಅಲ್ಲಿಂದಲೇ. ಗೇಟಿನ ಹತ್ತಿರ ಬಂದಾಗ ಅವರ ನಡಿಗೆ ನಿಧಾನವಾಗುತ್ತಿತ್ತು. “ನೀವು ಮುಂದ ಹೋಗಿ ನೋಡ್ರಿ,” ಎನ್ನುತ್ತಿದ್ದರು. ನಾನು ಎರಡು ಹೆಜ್ಜೆ ಇಡುವುದರೊಳಗೆ ತಡೆಯಲಾರದೆ ನನ್ನನ್ನು ದಾಟಿ ತಾವೇ ಓಡುತ್ತಿದ್ದರು.

ಅವರನ್ನು ಹಿಂಡುತ್ತಿದ್ದುದು ಒಂದು ಅಂಜಿಕೆಯಲ್ಲ, ಎರಡು. ಸಹಿ ಮಾಡದಿದ್ದರೆ ಆ ಹೆಂಗಸರು ಬಸ್ ಸ್ಟ್ಯಾಂಡಿನಲ್ಲೇ ಉಳಿಯುತ್ತಾರೆ. ಸಹಿ ಮಾಡಿದ ಮೇಲೆ ಗೋಡೆ ಬಿದ್ದರೆ ಮಲಗಿದಲ್ಲಿಯೇ ಹೋಗುತ್ತಾರೆ. ಯಾವ ಕಡೆ ಹೊರಳಿದರೂ ಮುಳ್ಳು. ಆ ಮಳೆಗಾಲದಲ್ಲಿ ಅವರು ಕಣ್ಣಿಗೆ ಕಾಣುವಷ್ಟು ಸೊರಗಿದರು. ಮೋಡ ಕವಿದರೆ ನಮ್ಮ ರೈತರು ಮುಖ ಅರಳಿಸುತ್ತಾರೆ, ಇವರು ಕಿಟಕಿಗೆ ಬೆನ್ನು ಮಾಡಿ ಕೂತುಬಿಡುತ್ತಿದ್ದರು.

ಒಂದು ಮುಂಜಾನೆ ಹೋದಾಗ ಕೆಳಗಿನ ಗಾಜು ಒಡೆದಿತ್ತು.

ರಾತ್ರಿ ಮಳೆ ಬಂದಿತ್ತು, ಆದರೆ ದೊಡ್ಡದೇನಲ್ಲ. ಮೇಲಿನ ಗಾಜು ನೆಟ್ಟಗಿತ್ತು. ಮೇಡಂ ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಗೋಡೆ ಸರಿದಿದ್ದರೆ ಎರಡೂ ಒಡೆಯಬೇಕಿತ್ತು ಎಂದು ನಾನು ಹೇಳಿದೆ. “ಒಡೀಬೇಕಂತೇನೂ ಇಲ್ಲ. ಕೆಳಗ ಸರದು ಮ್ಯಾಲ ಹಿಡಕೊಂಡಿರಬಹುದು,” ಎಂದರು. ಹುಲಿಗೆಮ್ಮನನ್ನು ಕರೆದು ಕೇಳಿದರು, ದನಿ ಏರಿಸದೆ: “ಯಾರರ ಮುಟ್ಟಿದ್ರೇನು?”

“ನಾ ಮುಟ್ಟಿಲ್ರಿ,” ಎಂದಳು ಹುಲಿಗೆಮ್ಮ, ಸೆರಗು ತಿರುವುತ್ತ. “ಯಾರೂ ಬಂದಿಲ್ರಿ.”

ಮುಚ್ಚಿಡಬಹುದಿತ್ತು. ಸದ್ದಿಲ್ಲದೆ ಹೊಸ ಗಾಜು ಕೂಡಿಸಿದ್ದರೆ ಮೇಲಧಿಕಾರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಮೇಡಂ ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದರು. ಗಾಜು ಒಡೆದಿದೆ, ಯಾಕೆ ಎಂದು ಗೊತ್ತಿಲ್ಲ, ಮಳೆಗಾಲ ಮುಗಿಯುವವರೆಗೆ ಇನ್ನೊಮ್ಮೆ ಅವಕಾಶ ಕೊಡಿ ಎಂದರು. ಆ ಕಡೆಯಿಂದ ಏನು ಬಂತೋ, ಬಹಳ ಹೊತ್ತು ಕೇಳಿಸಿಕೊಂಡರು. ಫೋನಿಟ್ಟು, “ನಿಮ್ಮ ಜವಾಬ್ದಾರಿ ಅಂದ್ರು,” ಎಂದು ಹೇಳಿ, ಒಡೆದದ್ದರ ಜಾಗಕ್ಕೆ ಹೊಸ ಗಾಜು ಕೂಡಿಸಿದರು.

ಅದೇ ದಿನ ಮಧ್ಯಾಹ್ನ ಅವರು ಮಾಡಿದ್ದು ನಾನು ಎಣಿಸಿರದ ಕೆಲಸ. ಹೋಟೆಲಿನೊಳಗೆ ಕೂತು ಮಿರ್ಚಿ ತಿನ್ನದ ಹೆಂಗಸು, ಮದುವೆಯ ಮಂಟಪಕ್ಕೆ ಕಾಲಿಡದ ಹೆಂಗಸು, ಕಚೇರಿಯ ತಮ್ಮ ಟೇಬಲ್ಲನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದು ಆ ಬಿರುಕಿನ ಬುಡಕ್ಕೇ ಇಡಿಸಿದರು. ಕುರ್ಚಿ ಹಾಕಿಕೊಂಡು ಕೂತರು. “ಇನ್ನ ಇಲ್ಲೇ ನನ್ನ ಕೆಲಸ,” ಎಂದರು.

“ಮೇಡಂ, ಇದೇನ್ರಿ ಹುಚ್ಚುತನ?” ಎಂದೆ.

“ದೂರದಿಂದ ಕಾಣಸಂಗಿಲ್ರಿ. ಮತ್ತ, ಇದರ ಬುಡಕ ನಾ ಕುಂದ್ರಲಿಲ್ಲಂದ್ರ ಮಂದಿನ್ನ ಹ್ಯಾಂಗ ಮಲಗಸಲಿ?”

ಧೈರ್ಯ ಬಂತು ಎಂದು ತಿಳಿಯಬೇಡಿ. ಮೇಲೆ ಪಾರಿವಾಳ ರೆಕ್ಕೆ ಬಡಿದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ನಾನು ನಕ್ಷೆ ಹಿಡಿದು ಹೋದರೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ತಾವು ಎದ್ದು ಬರುತ್ತಿದ್ದರು, ಬೇರೆಯವರನ್ನು ಆ ಗೋಡೆಯ ಕೆಳಗೆ ಬಿಡುತ್ತಿರಲಿಲ್ಲ. ಹುಲಿಗೆಮ್ಮ ಮೂಲೆಯ ಕೋಣೆಯ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಬಾಯಿ ಆ ದಿನಗಳಲ್ಲಿ ಬಿದ್ದೇ ಹೋಗಿತ್ತು.

ಹೀಗೆ ಕೂತಿದ್ದಾಗಲೇ ಒಂದು ದಿನ, ಹನಿಮಳೆ ಬೀಳುತ್ತಿತ್ತು, ಬೇವಿನ ಮರದ ಕೆಳಗೆ ಬಂದು ನಿಂತು ಅವರು ಆ ಮಾತು ಹೇಳಿದರು. ಅವರ ಅಜ್ಜಿ, ಕೂಲಿ ಹೆಂಗಸು, ಯಾವುದೋ ಕಾಲದಲ್ಲಿ ಕೂಸನ್ನು ಕಟ್ಟಿಕೊಂಡು ದೇವದುರ್ಗದಿಂದ ಗಾಡಿಯ ಹಿಂದೆ ನಡೆದು ರಾಯಚೂರಿಗೆ ಬಂದಿದ್ದಳಂತೆ, ದವಾಖಾನೆಗೆ. ಮಳೆ ಹಿಡಿಯಿತು. ಇದೇ ಮುಸಾಫಿರಖಾನೆಯ ಹಿಂಬಾಗಿಲಿಗೆ ಬಂದು ಬಾಗಿಲು ಬಡಿದಳು.

“ಒಳಗಿನವ್ರು ಯಾರ ಪೈಕಿ ಅಂತ ಕೇಳಿದ್ರಂತ. ನಮ್ಮಜ್ಜಿ ಸುಳ್ಳು ಹೇಳ್ಲಿಲ್ಲ. ಅವ್ರು ತೆಗೀಲಿಲ್ಲ. ಹೊರಗಿನ ಕಟ್ಟಿ ಮ್ಯಾಲ ಕುಂತು ಬೆಳಕು ಹರಿಸಿದ್ಲಂತ. ಆ ಕೂಸು ನಮ್ಮವ್ವ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮುಗಿಸಿ ಕತ್ತೆತ್ತಿ ಗಾಜು ನೋಡಿದರು. ನನಗೆ ಅಲ್ಲಿಯವರೆಗೆ ಅದು ಒಂದು ಹಳೆಯ ಕಟ್ಟಡವಾಗಿತ್ತು, ಚೆಂದದ ಕಮಾನುಗಳಿದ್ದ ಕಟ್ಟಡ. ಅವತ್ತಿನಿಂದ ನನಗೂ ಅಂಜಿಕೆ ಹತ್ತಿತು. ಇದು ಬೀಳಬಾರದು ಎಂದು ನಾನೂ ಯಾರಿಗೋ ಬೇಡಿಕೊಳ್ಳತೊಡಗಿದೆ.

ಮಳೆಗಳು ಹಿಂದೆ ಸರಿದವು. ಗಾಜುಗಳು ಒಡೆಯಲಿಲ್ಲ. ಆದರೂ ಮೇಡಂ ಸಹಿಗೆ ಕೈ ಎತ್ತಲಿಲ್ಲ. ಆ ಒಡೆದ ಗಾಜು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಒಮ್ಮೆ ಸರಿದ ಗೋಡೆ ಮತ್ತೊಮ್ಮೆ ಸರಿಯುವುದಿಲ್ಲ ಎಂದು ಯಾವ ಮುಖದಿಂದ ಬರೆಯಲಿ ಎನ್ನುತ್ತಿದ್ದರು. ಮೇಲಧಿಕಾರಿಯ ಫೋನು ದಿನ ಬಿಟ್ಟು ದಿನ ಬರುತ್ತಿತ್ತು. ಬಜಾರಿನವರು ಗೇಟಿನ ಹೊರಗೆ ನಿಂತು ಅಂಗಡಿಗಳ ಅಗಲ ಕೈಯಲ್ಲೇ ತೋರಿಸಿಕೊಳ್ಳುತ್ತಿದ್ದರು. ಇನ್ನು ಆಗುವುದಿಲ್ಲ, ಕೆಡವಿಸಿಬಿಡಿ ಎಂದು ಬರೆದುಕೊಡುತ್ತೇನೆ ಎಂದು ಮೇಡಂ ಒಂದು ಮುಂಜಾನೆ ನನಗೆ ಹೇಳಿದರು. ಹೇಳಿದ ಜಾಗ ಅದೇ ಅಂಗಳ. ಹುಲಿಗೆಮ್ಮ ಕಸಗುಡಿಸುತ್ತಿದ್ದಳು. ಕಸಬರಿಗೆಯನ್ನು ಅಲ್ಲೇ ಒಗೆದು ಬಂದಳು.

“ಅಕ್ಕಾರ, ಅದು ಗ್ವಾಡಿ ಒಡದದ್ದಲ್ರಿ. ನಾ ಒಡದದ್ದು.”

ಮೇಡಂ ಅವಳನ್ನೇ ನೋಡಿದರು.

“ನೀವು ಮುಂಜಾನಿ ಮುಂಜಾನಿ ಬಂದು ಕಣ್ಣು ಸಣ್ಣ ಮಾಡಿ ನೋಡ್ತಿದ್ರಿ. ಧೂಳು ಕುಂತದ, ಅಕ್ಕಾರಿಗೆ ಕಾಣವಲ್ಲದು ಅಂತ ಒರಸಾಕ ಹೋದೆ. ಕೈಯಾಗ ಪಟ್ ಅಂತು. ಕೆಲಸ ಹೋಗತದಂತ ಅಂಜಿ ಹೇಳ್ಲಿಲ್ರಿ. ನೀವು ಬಂದು ಇದರ ಬುಡಕ ಕುಂತ ಮ್ಯಾಲ ಅದಕ್ಕಿಂತ ಹೆಚ್ಚು ಅಂಜಿಕಿ ಬಂತು. ಇಷ್ಟು ಅಂಜೋ ಮಂದಿ ದಿನಾ ಬಂದು ಕುಂದ್ರೋದು ನಾ ಎಲ್ಲೂ ಕಂಡಿಲ್ರಿ.”

ಬೈಗುಳಕ್ಕೆ ಕಾಯುತ್ತ ಅವಳು ತಲೆ ತಗ್ಗಿಸಿ ನಿಂತಿದ್ದಳು. ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು, ಗೋಡೆಯ ಕೆಳಗೇ. ನಗತೊಡಗಿದರು. ನಗುತ್ತ ನಗುತ್ತ ಅವರ ಕಣ್ಣಿನಿಂದ ನೀರು ಇಳಿಯಿತು. ಹುಲಿಗೆಮ್ಮನ ಕೈ ಹಿಡಿದುಕೊಂಡು, “ನೀ ಅವತ್ತ ಹೇಳಿದ್ರ ನಾ ದೂರ ನಿಂತೇ ಅಂಜತಿದ್ದೆ ನೋಡು,” ಎಂದರು. ಆ ಕೈ ಬಹಳ ಹೊತ್ತು ಬಿಡಲಿಲ್ಲ.

ಅದೇ ಟೇಬಲ್ಲಿನ ಮೇಲೆ, ಅದೇ ಬಿರುಕಿನ ಕೆಳಗೆ ಸಹಿ ಮಾಡಿದರು. ಮಾಡಿ ನೀರು ಕೇಳಿದರು. ಇನ್ನಾದರೂ ನಿರಾಳವಾಯಿತಲ್ಲ ಎಂದೆ. “ಎಲ್ಲಿ ನಿರಾಳ? ಇಲ್ಲಿತನಕ ಖಾಲಿ ಗ್ವಾಡಿ ಇತ್ತು. ಇನ್ನ ಕೆಳಗ ಮಂದಿ ಬರ್ತಾರ,” ಎಂದರು.

ಬಾಗಿಲು ಚೌಕಟ್ಟಿನ ಸಮೇತ ಮರಳಿ ತನ್ನ ಜಾಗಕ್ಕೆ ಬಂತು. ನರಸಪ್ಪ ಅದನ್ನು ಕೂಡಿಸುವಾಗ ಒಂದು ಮಾತನ್ನೂ ಆಡಲಿಲ್ಲ, ಯಾವ ಮಾತಿಗೆ ಯಾವ ಅರ್ಥವೋ ಎಂದು. ಬಿರುಕಿಗೆ ಸುಣ್ಣ ತುಂಬಿದರು. ಒಂದು ಗಾಜನ್ನು ಮಾತ್ರ ಮೇಡಂ ಹಾಗೆಯೇ ಉಳಿಸಿದರು, ಸುಣ್ಣ ಬಳಿಯುವವರು ಎಷ್ಟು ಹೇಳಿದರೂ ಕೇಳಲಿಲ್ಲ. ಮುಂಬಾಗಿಲ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತೇವೆ ಎಂದಾಗ ತಮ್ಮ ಹೆಸರು ಬೇಡವೆಂದರು: “ಹೆಸರು ಇದ್ರ ಮಂದಿ ಹೆಸರು ನೋಡ್ತಾರ. ಗ್ವಾಡಿ ಯಾರೂ ನೋಡಂಗಿಲ್ಲ.” ಉದ್ಘಾಟನೆಗೆ ದೊಡ್ಡವರು ಮುಂದಿನಿಂದ ಬಂದರು. ಮೇಡಂ ತಮ್ಮ ತಾಯಿಯನ್ನು ದೇವದುರ್ಗದಿಂದ ಕರೆಸಿ, ಕೈ ಹಿಡಿದು, ಹಿಂಬಾಗಿಲಿನಿಂದ ಒಳಗೆ ಕರೆತಂದರು. ಆ ಮುದುಕಿ ಒಳಗೆ ಬಂದದ್ದೇ ಸೊಂಟಕ್ಕೆ ಕೈ ಕೊಟ್ಟು ಕತ್ತೆತ್ತಿ ನೋಡಿದಳು. “ಛಲೋ ಅದ. ಆದ್ರ ನೋಡ್ತಿರ್ಬೇಕವ್ವಾ,” ಎಂದಳು.

ನಿವೃತ್ತಿಯಾಗಿ ಮೇಡಂ ಮಾನ್ವಿಗೆ ಹೋಗಿ ನೆಲೆಸಿದರು. ನೋಡುವುದು ನನ್ನ ಪಾಲಿಗೆ ಬಂತು. ರಾಯಚೂರಿನಲ್ಲಿ ನಾಲ್ಕು ಹನಿ ಬಿದ್ದರೆ ನನ್ನ ಫೋನು ರಿಂಗಾಗುತ್ತಿತ್ತು. ಕ್ಷೇಮ ಸಮಾಚಾರವಿಲ್ಲ, ಏನಿಲ್ಲ. “ಮಳಿ ಆಗ್ಯಾದಂತಲ್ರಿ. ನೋಡಿದ್ರೇನು?” ನಾನು ಮನೆಯಲ್ಲೇ ಕೂತು ನೋಡಿದೆ ಎಂದರೆ ಅವರಿಗೆ ಹೇಗೋ ಗೊತ್ತಾಗುತ್ತಿತ್ತು. “ಹೋಗಿ ಬಂದು ಹೇಳ್ರಿ,” ಎಂದು ಇಡುತ್ತಿದ್ದರು. ಬೈದುಕೊಳ್ಳುತ್ತ ಕೊಡೆ ಹಿಡಿದು ಹೋಗುತ್ತಿದ್ದೆ. ಗಾಜು ನೆಟ್ಟಗದ ಎಂದು ಹೇಳಿದರೆ ಆ ಕಡೆ ಒಂದು ಉದ್ದನೆಯ ಉಸಿರು. ಅದಷ್ಟೇ ನಮ್ಮ ಮಾತು, ವರ್ಷ ವರ್ಷ.

ಅವರನ್ನು ಮಣ್ಣು ಮಾಡಿ ಬಂದ ಮೇಲೆ ಮೊನ್ನೆ ಮೊದಲ ದೊಡ್ಡ ಮಳೆ ಬಂತು. ಮಧ್ಯಾಹ್ನವೇ ಕತ್ತಲಾಯಿತು. ನಾನು ಫೋನನ್ನು ಎದುರಿಗೆ ಇಟ್ಟುಕೊಂಡು ಕೂತಿದ್ದೆ. ಅದು ರಿಂಗಾಗಲಿಲ್ಲ. ಕೂರಲಾಗಲಿಲ್ಲ, ಎದ್ದು ಹೋದೆ.

ಮುಸಾಫಿರಖಾನೆಯಲ್ಲಿ ಗಾಳಿಮಳೆಗೆ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಒಳಗೆ ಹೆಂಗಸರು ಗೋಡೆಯುದ್ದಕ್ಕೂ ಹಾಸಿಕೊಂಡು ಕೂತಿದ್ದರು. ಯಾರೋ ರೊಟ್ಟಿ ಬಿಚ್ಚಿದ್ದರು, ಯಾರದೋ ಕೂಸು ಅಳುತ್ತಿತ್ತು. ತಲೆ ನರೆತ ಹುಲಿಗೆಮ್ಮ ಗಾಜಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ನನ್ನನ್ನು ಕಂಡು, “ನೆಟ್ಟಗದ್ರಿ,” ಎಂದಳು. ನಾನೂ ನೋಡಿದೆ. ಹೌದು, ನೆಟ್ಟಗಿತ್ತು. ಹೇಳಬೇಕೆಂದು ಕೈ ಜೇಬಿಗೆ ಹೋಗಿ ಫೋನನ್ನು ಹಿಡಿಯಿತು. ಹಿಡಿದ ಮೇಲೆ ಯಾರಿಗೆ ಎಂದು ನೆನಪಾಯಿತು.

ಆಗ ಹಿಂಬಾಗಿಲನ್ನು ಯಾರೋ ಬಡಿದರು. ಮಳೆಯ ಸಪ್ಪಳದಲ್ಲಿ ಹೆಂಗಸಿನ ದನಿ, ಉಸಿರು ಹತ್ತಿದ ದನಿ: “ಯವ್ವಾ, ದೇವದುರ್ಗದಿಂದ ಬಂದೀನಿ. ಕೂಸಿಗೆ ಆರಾಮಿಲ್ಲ. ಬಾಗ್ಲಾ ತೆಗಿಯವ್ವಾ.”

ಹುಲಿಗೆಮ್ಮ ಅಗಳಿಗೆ ಕೈ ಹಾಕುತ್ತ ಕೂಗಿ ಹೇಳಿದಳು:

“ತೆಗಿಯಂಗಿಲ್ಲವ್ವಾ. ತೆರೀತೀನಿ, ನಿಂದ್ರು.”